ಎಂಬಿಬಿಎಸ್ ಆದ ಮೇಲೆ ಯಾವ ದೇಶ? ಕೊಡಗಿನ ಜಗಲಿಯಲ್ಲಿ ಕೂತು ಮಾಡಿದ ಹೋಲಿಕೆ

ಹುತ್ತರಿ ಬಂದರೆ ನಮ್ಮ ಮನೆಗೆ ಇಬ್ಬರು ಮೂವರಾದರೂ ಬರುತ್ತಾರೆ. ರಜೆಗೆ ಊರಿಗೆ ಬಂದ ಮಕ್ಕಳು. ಎಂಬಿಬಿಎಸ್ ಮುಗಿಸಿದವರು, ಇಲ್ಲವೇ ಇಂಟರ್ನ್‌ಶಿಪ್‌ನ ಕೊನೆಯಲ್ಲಿ ಇರುವವರು. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ. ಜಗಲಿಯಲ್ಲಿ ಕೂತು ಎಲ್ಲರೂ ಕೇಳುವುದು ಒಂದೇ ಮಾತು. "ಅಕ್ಕಾ, ಪಿಜಿಗೆ ಯಾವ ದೇಶ ಒಳ್ಳೇದು?"

ನಾನು 2009ರಲ್ಲಿ ಸೋಮವಾರಪೇಟೆ ಕಡೆಯ ನಮ್ಮ ತೋಟದ ಮನೆಯಿಂದ ಇಂಗ್ಲೆಂಡಿಗೆ ಹೋದೆ. ವಯಸ್ಸಾದವರ ಕಾಯಿಲೆಗಳ ವಿಭಾಗದಲ್ಲಿ ತರಬೇತಿ ಮುಗಿಸಿದೆ. 2019ರಲ್ಲಿ ವಾಪಸ್ ಬಂದೆ. ಈಗ ಕುಶಾಲನಗರದಲ್ಲಿ ರೋಗಿಗಳನ್ನು ನೋಡುತ್ತೇನೆ. 2016ರಲ್ಲಿ ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಯಿತು. ಅದರ ಮೊದಲ ಬ್ಯಾಚುಗಳು ಹೊರಬಂದ ಮೇಲೆ ನನ್ನನ್ನು ಹೀಗೆ ಕೇಳುವವರು ಜಾಸ್ತಿಯಾಗಿದ್ದಾರೆ.

ಕೇಳಿದವರಿಗೆಲ್ಲ ನಾನು ಮೊದಲು ತಿರುಗಿ ಕೇಳುವುದು ಇದನ್ನೇ: ನಲವತ್ತನೇ ವಯಸ್ಸಿನಲ್ಲಿ ನೀನು ಎಲ್ಲಿ ಡಾಕ್ಟರ್ ಆಗಿರಬೇಕು ಅಂತಿದ್ದೀಯ? ಅಲ್ಲೇ ನೆಲೆಸುವುದಾ, ಇಲ್ಲಿಗೆ ಬರುವುದಾ? ಹೆಚ್ಚಿನವರು ಇದನ್ನು ಯೋಚಿಸಿರುವುದಿಲ್ಲ. ಫೀಸು, ಸಂಬಳ, ಪರೀಕ್ಷೆ ಕಷ್ಟವಾ ಸುಲಭವಾ, ಇಷ್ಟನ್ನೇ ತೂಗಿ ನೋಡಿರುತ್ತಾರೆ. ಆದರೆ ವಾಪಸ್ ಬರುವ ದಾರಿ ಇದೆಯಾ ಇಲ್ಲವಾ ಅನ್ನುವುದರ ಮೇಲೆ ದೇಶದ ಆಯ್ಕೆಯೇ ಬದಲಾಗುತ್ತದೆ. ಅದಕ್ಕೇ ಈ ಹೋಲಿಕೆಯನ್ನು ನಾನು ಆ ಕಡೆಯಿಂದ ಶುರುಮಾಡುತ್ತೇನೆ.

ಪಿಜಿ ಅಂದರೆ ಅಲ್ಲಿ ಕೆಲಸ

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ನಮ್ಮಲ್ಲಿ ಪಿಜಿ ಅಂದರೆ ಸೀಟು. ರ‍್ಯಾಂಕ್ ಬರಬೇಕು, ಕೌನ್ಸೆಲಿಂಗ್ ಆಗಬೇಕು, ಫೀಸು ಕಟ್ಟಬೇಕು. ಬ್ರಿಟನ್, ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾದಲ್ಲಿ ಹಾಗಲ್ಲ. ಅಲ್ಲಿ ಸ್ಪೆಷಲಿಸ್ಟ್ ಆಗುವುದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ. ತಿಂಗಳ ಸಂಬಳ ಬರುತ್ತದೆ, ನೈಟ್ ಡ್ಯೂಟಿ ಇರುತ್ತದೆ, ಹಿರಿಯರು ಕಲಿಸುತ್ತಾರೆ. ತರಬೇತಿಗೆ ಅಂತ ನಮ್ಮಲ್ಲಿನ ಹಾಗೆ ಸೀಟಿನ ಫೀಸು ಕಟ್ಟುವುದಿಲ್ಲ. ಹೆಚ್ಚಿನ ಖರ್ಚು ಆ ಕೆಲಸ ಸಿಗುವ ತನಕದ್ದು. ಪರೀಕ್ಷೆ, ವೀಸಾ, ಓಡಾಟ, ಮತ್ತೆ ಸಂಪಾದನೆ ಇಲ್ಲದೆ ಕಾಯುವ ತಿಂಗಳುಗಳು.

ಇದು ಗೊತ್ತಿಲ್ಲದೆ ಮೋಸ ಹೋದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೋಣಿಕೊಪ್ಪ ಕಡೆಯ ಒಬ್ಬ ಹುಡುಗ. "ಬ್ರಿಟನ್ನಿನಲ್ಲಿ ಪಿಜಿ ಸೀಟು ಕೊಡಿಸುತ್ತೇವೆ" ಅಂತ ಏಜೆಂಟ್ ಒಬ್ಬರು ಹೇಳಿದರು. ತೋಟದ ಮೇಲೆ ಸಾಲ ತೆಗೆದು ಅಪ್ಪ ದುಡ್ಡು ಕಟ್ಟಿದರು. ಹೋಗಿ ನೋಡಿದರೆ ಅದು ಒಂದು ವರ್ಷದ ಎಂಎಸ್ಸಿ. ಕ್ಲಾಸ್‌ರೂಮು, ಪ್ರಬಂಧ, ಪದವಿ. ರೋಗಿಯನ್ನು ಮುಟ್ಟಲು ಅದರಿಂದ ಲೈಸೆನ್ಸ್ ಬರುವುದಿಲ್ಲ, ಸ್ಪೆಷಲಿಸ್ಟೂ ಆಗುವುದಿಲ್ಲ. ವರ್ಷ ಮುಗಿದ ಮೇಲೆ ಅವನು ಮೊದಲಿನಿಂದ ಪ್ಲ್ಯಾಬ್, ಅಂದರೆ ಹೊರಗೆ ಓದಿದವರು ಅಲ್ಲಿ ಡಾಕ್ಟರ್ ಆಗಲು ಬರೆಯುವ ಪರೀಕ್ಷೆಗೆ, ಓದಲು ಕೂತ.

ಪಬ್ಲಿಕ್ ಹೆಲ್ತ್ ಅಥವಾ ಸಂಶೋಧನೆಯಲ್ಲಿ ನಿಜವಾದ ಆಸೆ ಇರುವವರಿಗೆ ಎಂಎಸ್ಸಿ, ಎಂಪಿಎಚ್ ಒಳ್ಳೆಯ ಓದು. ಆದರೆ ಎಂಡಿ ಸಿಗಲಿಲ್ಲ ಅಂತ ಅದರ ಬದಲಿಗೆ ಹೋಗಬಾರದು. ಯಾರಾದರೂ "ಪಿಜಿ" ಅಂದರೆ ಮೊದಲು ಎರಡು ಪ್ರಶ್ನೆ ಕೇಳಿ. ಇದರಲ್ಲಿ ಸಂಬಳ ಬರುತ್ತಾ? ಮುಗಿದ ಮೇಲೆ ಆ ದೇಶದ ಮೆಡಿಕಲ್ ಕೌನ್ಸಿಲ್ ನನ್ನನ್ನು ಸ್ಪೆಷಲಿಸ್ಟ್ ಅಂತ ಬರೆದುಕೊಳ್ಳುತ್ತಾ? ಎರಡಕ್ಕೂ ಇಲ್ಲ ಅಂದರೆ ಅದು ನೀವು ಹುಡುಕುತ್ತಿರುವ ಪಿಜಿ ಅಲ್ಲ.

ವಾಪಸ್ ಬಂದರೆ ಯಾವುದು ನಡೆಯುತ್ತದೆ

ಭಾರತದಲ್ಲಿ ಹೊರದೇಶದ ಪಿಜಿಗೆ ಮಾನ್ಯತೆ ಕೊಡುವುದಕ್ಕೆ ಐದು ದೇಶಗಳ ಪಟ್ಟಿ ಇದೆ. ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಅಲ್ಲಿ ತರಬೇತಿ ಪೂರ್ತಿ ಮುಗಿಸಿ, ಅಲ್ಲೇ ಸ್ಪೆಷಲಿಸ್ಟ್ ಆಗಿ ಕೆಲಸ ಮಾಡುವ ಅರ್ಹತೆ ಪಡೆದಿದ್ದರೆ ಇಲ್ಲೂ ಅದನ್ನು ಪಿಜಿ ಅಂತ ಒಪ್ಪುತ್ತಾರೆ. ಜರ್ಮನಿ ಈ ಪಟ್ಟಿಯಲ್ಲಿ ಇಲ್ಲ. ಗಲ್ಫ್ ದೇಶಗಳೂ ಇಲ್ಲ.

"ಪೂರ್ತಿ ಮುಗಿಸಿ" ಅನ್ನುವ ಮಾತಿಗೆ ಗಮನ ಕೊಡಿ. ಎಷ್ಟೋ ಜನ ಬ್ರಿಟನ್ನಿನ ಎಂಆರ್‌ಸಿಪಿ ಪಾಸಾದ ತಕ್ಷಣ ಎಂಡಿ ಆದಂತೆ ಅಂದುಕೊಳ್ಳುತ್ತಾರೆ. ಎಂಆರ್‌ಸಿಪಿ ಪರೀಕ್ಷೆ ಮಾತ್ರ. ತರಬೇತಿ ಮುಗಿದಾಗ ಸಿಗುವುದು ಸಿಸಿಟಿ ಅನ್ನುವ ಪ್ರಮಾಣಪತ್ರ. ಎರಡರ ಮಧ್ಯೆ ನಾಲ್ಕೈದು ವರ್ಷದ ಕೆಲಸ ಇದೆ. ಎಂಆರ್‌ಸಿಪಿ ಆಯ್ತು ಅಂತ ನಡುವೆ ವಾಪಸ್ ಬಂದ ನನ್ನ ಗೆಳತಿ ಇಲ್ಲಿ ಮತ್ತೆ ಎಂಬಿಬಿಎಸ್ ಡಾಕ್ಟರ್ ಆಗಿಯೇ ಉಳಿಯಬೇಕಾಯಿತು. ಹೊರಡುವ ಮೊದಲು ರಾಷ್ಟ್ರೀಯ ವೈದ್ಯಕೀಯ ಆಯೋಗದ ಆಗಿನ ನಿಯಮವನ್ನು ಖುದ್ದು ಓದಿ. ಏಜೆಂಟ್ ಹೇಳಿದ್ದು, ಸೀನಿಯರ್ ಹೇಳಿದ್ದು, ನಾನು ಹೇಳಿದ್ದು ಕೂಡ ಅದಕ್ಕೆ ಬದಲಿಯಾಗುವುದಿಲ್ಲ.

ಬ್ರಿಟನ್: ಒಳಗೆ ಹೋಗುವುದು ಸುಲಭ, ಮೇಲೆ ಹತ್ತುವುದು ಕಷ್ಟ

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದದ್ದು 1948ರ ಜುಲೈ 5ರಂದು. ಅದರ ವಾರ್ಡುಗಳಲ್ಲಿ ನಮ್ಮ ದೇಶದ ಡಾಕ್ಟರುಗಳು ದಶಕಗಳಿಂದ ದುಡಿಯುತ್ತಿದ್ದಾರೆ. ಅದಕ್ಕೇ ಈ ದಾರಿ ನಮಗೆ ಹೆಚ್ಚು ಪರಿಚಿತ.

ಇಂಗ್ಲಿಷ್ ಪರೀಕ್ಷೆ ಮೊದಲು. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7.5, ಯಾವ ಭಾಗದಲ್ಲೂ 7ಕ್ಕಿಂತ ಕಡಿಮೆ ಇರಬಾರದು. ಇಲ್ಲವೇ ಒಇಟಿಯಲ್ಲಿ ನಾಲ್ಕರಲ್ಲೂ ಬಿ ಗ್ರೇಡ್. ಒಇಟಿಯಲ್ಲಿ ಬರೆಯುವುದು ರೆಫರಲ್ ಪತ್ರ, ಮಾತಾಡುವುದು ರೋಗಿಯ ಜೊತೆ. ಆದ್ದರಿಂದ ಡಾಕ್ಟರುಗಳಿಗೆ ಅದೇ ಹತ್ತಿರ ಅನ್ನಿಸುತ್ತದೆ. ಆಮೇಲೆ ಪ್ಲ್ಯಾಬ್ 1: ಮೂರು ಗಂಟೆ, 180 ಪ್ರಶ್ನೆ, ಭಾರತದಲ್ಲೇ ಬರೆಯಬಹುದು. ಪ್ಲ್ಯಾಬ್ 2ಕ್ಕೆ ಮ್ಯಾಂಚೆಸ್ಟರಿಗೇ ಹೋಗಬೇಕು. ಅಲ್ಲಿ 16 ಸನ್ನಿವೇಶ. ಹೆಚ್ಚಿನವುಗಳಲ್ಲಿ ಒಬ್ಬ ನಟ ರೋಗಿಯಾಗಿ ಕೂತಿರುತ್ತಾನೆ.

ನಮ್ಮ ಮಕ್ಕಳು ಎಡವುವುದು ಈ ಎರಡನೆಯದರಲ್ಲಿ. ಓದು ಕಡಿಮೆ ಅಂತಲ್ಲ. ರೋಗಿಯ ಜೊತೆ ಕೂತು ನಿಧಾನವಾಗಿ ಮಾತಾಡಿ, "ನಿಮಗೆ ಯಾವುದರ ಭಯ?" ಅಂತ ಕೇಳುವ ಅಭ್ಯಾಸ ನಮ್ಮ ಒಪಿಡಿಗಳಲ್ಲಿ ಬರುವುದಿಲ್ಲ. ನೂರು ಜನ ಸಾಲಿನಲ್ಲಿ ನಿಂತಿರುವಾಗ ಎಲ್ಲಿ ಕೇಳುವುದು? ಹೊರಡುವ ಮೊದಲು ಆರು ತಿಂಗಳು ಯಾವುದಾದರೂ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಪ್ರತಿ ದಿನ ಇಬ್ಬರು ರೋಗಿಗಳ ಜೊತೆಗಾದರೂ ಹಾಗೆ ಮಾತಾಡಿ ನೋಡಿ. ಕೋಚಿಂಗ್‌ಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿಗೂ, ಇಲ್ಲಿಗೂ.

ಪ್ಲ್ಯಾಬ್ ಆದರೆ ಅಲ್ಲಿನ ಮೆಡಿಕಲ್ ಕೌನ್ಸಿಲ್ ಆದ ಜಿಎಂಸಿಯಲ್ಲಿ ನೋಂದಣಿ. ಪರೀಕ್ಷೆ ಫೀಸೇ ಸಾವಿರ ಪೌಂಡ್ ದಾಟುತ್ತದೆ. ವಿಮಾನ, ವಸತಿ ಬೇರೆ. ಒಳ್ಳೆಯ ಕಾಲದಲ್ಲಿ ನೋಂದಣಿಯಾದ ಕೆಲವೇ ತಿಂಗಳಲ್ಲಿ ಕೆಲಸ ಸಿಗುತ್ತಿತ್ತು. ಎಸ್‌ಎಚ್‌ಒ, ಅಂದರೆ ಕಿರಿಯ ಡಾಕ್ಟರ್ ಮಟ್ಟದಲ್ಲಿ ವರ್ಷದ ಮೂಲ ವೇತನ 40 ಸಾವಿರ ಪೌಂಡ್ ದಾಟುತ್ತದೆ.

ಈಗ ಕಾಲ ಹಾಗಿಲ್ಲ. ತರಬೇತಿಯ ಹುದ್ದೆಗೂ ತರಬೇತಿ ಇಲ್ಲದ ಹುದ್ದೆಗೂ ಅಲ್ಲಿ ದೊಡ್ಡ ವ್ಯತ್ಯಾಸ ಇದೆ. ಟ್ರಸ್ಟ್ ಗ್ರೇಡ್, ಕ್ಲಿನಿಕಲ್ ಫೆಲೋ ಅಂತ ಕರೆಯುವ ಕೆಲಸದಲ್ಲಿ ಸಂಬಳ ಬರುತ್ತದೆ, ಅನುಭವ ಬರುತ್ತದೆ. ಆದರೆ ಅದು ಸಿಸಿಟಿ ಕಡೆ ಹೋಗುವ ಮೆಟ್ಟಿಲಲ್ಲ. ಸಿಸಿಟಿ ಬೇಕಾದರೆ ಸ್ಪೆಷಾಲಿಟಿ ತರಬೇತಿಗೆ ಪೈಪೋಟಿ ಮಾಡಬೇಕು. 2025ರಲ್ಲಿ ಸುಮಾರು 10 ಸಾವಿರ ತರಬೇತಿ ಜಾಗಗಳಿಗೆ 30 ಸಾವಿರಕ್ಕೂ ಹೆಚ್ಚು ಡಾಕ್ಟರುಗಳು ಅರ್ಜಿ ಹಾಕಿದರು. ಅದೇ ವರ್ಷ ಜುಲೈನಲ್ಲಿ ಅಲ್ಲಿನ ಸರ್ಕಾರ ಹತ್ತು ವರ್ಷದ ಆರೋಗ್ಯ ಯೋಜನೆ ಹೊರತಂದಿತು. ಬ್ರಿಟನ್ನಿನಲ್ಲೇ ಓದಿದವರಿಗೆ, ಮತ್ತೆ ಎನ್‌ಎಚ್‌ಎಸ್‌ನಲ್ಲಿ ಸಾಕಷ್ಟು ಕಾಲ ಕೆಲಸ ಮಾಡಿದವರಿಗೆ ತರಬೇತಿಯಲ್ಲಿ ಆದ್ಯತೆ ಎಂದು ಅದರಲ್ಲಿ ಬರೆದಿದೆ. ಅಂದರೆ ಹೊಸದಾಗಿ ಹೋಗುವವರು ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ.

ಇಂಥದ್ದು ಹೊಸದೇನೂ ಅಲ್ಲ. ನಾನು ಹೋಗುವ ಮೂರು ವರ್ಷ ಮೊದಲು, 2006ರ ಏಪ್ರಿಲ್‌ನಲ್ಲಿ, ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯುವ ಅವಕಾಶವನ್ನು ಬ್ರಿಟನ್ ದಿಢೀರನೆ ತೆಗೆದುಹಾಕಿತ್ತು. ಪ್ಲ್ಯಾಬ್ ಪಾಸಾಗಿ ಅಲ್ಲೇ ಕೆಲಸ ಹುಡುಕುತ್ತಿದ್ದ ಎಷ್ಟೋ ಭಾರತೀಯ ಡಾಕ್ಟರುಗಳು ಬೀದಿಗೆ ಬಿದ್ದರು. ಭಾರತೀಯ ಮೂಲದ ವೈದ್ಯರ ಸಂಘ ಬಾಪಿಯೋ ಕೋರ್ಟಿಗೆ ಹೋಯಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸಂಘದ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಬಹಳ ಜನ ಪೆಟ್ಟಿಗೆ ಕಟ್ಟಿಯಾಗಿತ್ತು. ನಾನು ಹೋದಾಗ ಆ ಗಾಯ ಇನ್ನೂ ಹಸಿಯಾಗಿತ್ತು. ನಿಯಮ ನಡುದಾರಿಯಲ್ಲಿ ಬದಲಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡಬೇಕು. ಕೈಯಲ್ಲಿ ಆರು ತಿಂಗಳ ಖರ್ಚು ಉಳಿಸಿಕೊಂಡು, ವಾಪಸ್ ಬಂದರೆ ಏನು ಅನ್ನುವ ಉತ್ತರ ಇಟ್ಟುಕೊಂಡು.

ಬ್ರಿಟನ್ನಿನ ಒಂದು ಗುಣವನ್ನು ನಾನು ಮನಸ್ಸು ತುಂಬಿ ಹೇಳುತ್ತೇನೆ. ಅಲ್ಲಿ ತರಬೇತಿಯನ್ನು ಅರ್ಧ ಸಮಯಕ್ಕೋ ಮುಕ್ಕಾಲು ಸಮಯಕ್ಕೋ ಇಳಿಸಿಕೊಳ್ಳಬಹುದು. ನನ್ನ ಮಗಳು ಹುಟ್ಟಿದಾಗ ನಾನು ರಜೆ ತೆಗೆದುಕೊಂಡೆ. ಆಮೇಲೆ ವಾರಕ್ಕೆ ಮೂರು ದಿನ ಕೆಲಸ ಮಾಡಿದೆ. ಯಾರೂ ಒಂದು ಮಾತು ಆಡಲಿಲ್ಲ. ತರಬೇತಿ ಮುಗಿಯುವುದು ತಡವಾಯಿತು ಅಷ್ಟೇ. ಹೆಣ್ಣುಮಕ್ಕಳು ದೇಶ ಆರಿಸುವಾಗ ಇದನ್ನು ಸಣ್ಣ ವಿಷಯ ಅಂತ ಬದಿಗಿಡಬೇಡಿ.

ಮಳೆಯ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಮ್ಯಾಂಚೆಸ್ಟರಿನ ಮಳೆ ನಮ್ಮ ಮಡಿಕೇರಿಯ ಮೂರರಲ್ಲಿ ಒಂದು ಪಾಲೂ ಬರುವುದಿಲ್ಲ. ನಮ್ಮವರಿಗೆ ಕಷ್ಟ ಆಗುವುದು ಕತ್ತಲೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಕೆಲಸಕ್ಕೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಮೊದಲ ಚಳಿಗಾಲದಲ್ಲಿ ಒಂಟಿಯಾಗಿ ಇರಬೇಡಿ. ಕನ್ನಡದವರು ಎಲ್ಲ ಊರಲ್ಲೂ ಇದ್ದಾರೆ, ಹುಡುಕಿಕೊಂಡು ಹೋಗಿ.

ಅಮೆರಿಕ: ಬಾಗಿಲು ಬಿಗಿ, ಒಳಗೆ ದಾರಿ ನೇರ

ಅಮೆರಿಕದ್ದು ಇದಕ್ಕೆ ತಿರುಗುಮುರುಗು. ಒಳಗೆ ಹೋಗುವ ತನಕ ಕಷ್ಟ. ಒಮ್ಮೆ ರೆಸಿಡೆನ್ಸಿ, ಅಂದರೆ ಅಲ್ಲಿನ ಪಿಜಿ ತರಬೇತಿಯ ಜಾಗ, ಸಿಕ್ಕರೆ ಯಾವ ವರ್ಷ ಮುಗಿಯುತ್ತದೆ ಅಂತ ಅವತ್ತೇ ಹೇಳಬಹುದು. ಇಂಟರ್ನಲ್ ಮೆಡಿಸಿನ್, ಮಕ್ಕಳ ವಿಭಾಗ, ಫ್ಯಾಮಿಲಿ ಮೆಡಿಸಿನ್ 3 ವರ್ಷ. ಸೈಕಿಯಾಟ್ರಿ 4. ಜನರಲ್ ಸರ್ಜರಿ 5. ಹೃದಯದ ವಿಭಾಗ ಬೇಕಾದರೆ ಮೆಡಿಸಿನ್ ಆದ ಮೇಲೆ ಇನ್ನೂ 3. ಬ್ರಿಟನ್ನಿನಲ್ಲಿ ನನಗೆ ಹತ್ತು ವರ್ಷ ಹಿಡಿದದ್ದು ಅಲ್ಲಿ ಅದರ ಅರ್ಧದಲ್ಲಿ ಆಗುತ್ತಿತ್ತು.

ಅಲ್ಲಿನ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ. ಅದರ ಸ್ಟೆಪ್ 1, ಸ್ಟೆಪ್ 2 ಸಿಕೆ, ಎರಡನ್ನೂ ಬೆಂಗಳೂರಿನಲ್ಲೇ ಬರೆಯಬಹುದು. ಒಂದೊಂದಕ್ಕೂ ಇಡೀ ದಿನ, ಒಂದೊಂದಕ್ಕೂ ಸಾವಿರ ಡಾಲರಿಗೂ ಹೆಚ್ಚು. 2022ರ ಜನವರಿಯಿಂದ ಸ್ಟೆಪ್ 1ರಲ್ಲಿ ಅಂಕ ಇಲ್ಲ, ಪಾಸು ಅಥವಾ ಫೇಲು. ಹಾಗಾಗಿ ಈಗ ಎಲ್ಲರ ಕಣ್ಣು ಸಿಕೆ ಅಂಕದ ಮೇಲೆ. ಅಂಕ ಒಂದೇ ಸಾಲದು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಇದ್ದ ಅನುಭವ ಬೇಕು, ಅಲ್ಲಿನ ಡಾಕ್ಟರುಗಳ ಶಿಫಾರಸು ಪತ್ರ ಬೇಕು. ಎಂಬಿಬಿಎಸ್ ಆಗಿ ಹೆಚ್ಚು ವರ್ಷ ಕಳೆದಿರಬಾರದು. ಈ ಕೊನೆಯದು ನಮ್ಮ ಮಕ್ಕಳಿಗೆ ಹೊಡೆತ ಕೊಡುತ್ತದೆ. ನೀಟ್ ಪಿಜಿಗೆ ಮೂರು ಸಲ ಕೂತು, ಆಗಲಿಲ್ಲ ಅಂದಾಗ ಅಮೆರಿಕ ನೆನಪಾಗುತ್ತದೆ. ಅಷ್ಟರಲ್ಲಿ ಅವರ ವಯಸ್ಸು ಕಡಿಮೆಯೇ ಇರುತ್ತದೆ, ಪದವಿಯ ವಯಸ್ಸು ಜಾಸ್ತಿ ಆಗಿರುತ್ತದೆ. ಅಮೆರಿಕ ಬೇಕಾದರೆ ಎಂಬಿಬಿಎಸ್ ಮೂರನೇ ವರ್ಷದಲ್ಲೇ ತೀರ್ಮಾನ ಮಾಡಿ.

ಸೆಪ್ಟೆಂಬರಿನಲ್ಲಿ ಅರ್ಜಿ. ಚಳಿಗಾಲದಲ್ಲಿ ಸಂದರ್ಶನ. ಮಾರ್ಚ್ ತಿಂಗಳ ಮೂರನೇ ಶುಕ್ರವಾರ ಮ್ಯಾಚ್ ಫಲಿತಾಂಶ, ಅಂದರೆ ಯಾರಿಗೆ ಯಾವ ಆಸ್ಪತ್ರೆ ಅನ್ನುವುದು. ಜುಲೈನಲ್ಲಿ ಕೆಲಸ. ಅಮೆರಿಕದ ಪ್ರಜೆಗಳಲ್ಲದ, ಹೊರಗೆ ಓದಿದ ಡಾಕ್ಟರುಗಳಲ್ಲಿ 2025ರಲ್ಲಿ ನೂರಕ್ಕೆ ಸುಮಾರು 58 ಜನರಿಗೆ ಜಾಗ ಸಿಕ್ಕಿತು. ಉಳಿದ 42 ಜನರೂ ಎರಡು ಮೂರು ವರ್ಷ ಓದಿದವರೇ, ದುಡ್ಡು ಸುರಿದವರೇ. ಆ ಭಾರ ತಡೆದುಕೊಳ್ಳುವ ಶಕ್ತಿ ಮನೆಗೆ ಇದೆಯಾ ಅಂತ ಮೊದಲು ನೋಡಿ. ಒಂದು ವರ್ಷ ಮೆಣಸಿನ ಬಳ್ಳಿಗೆ ರೋಗ ಬಂದರೆ ಕಷ್ಟಕ್ಕೆ ಬೀಳುವ ಮನೆ ನಮ್ಮಲ್ಲಿ ಬೇಕಾದಷ್ಟಿವೆ.

ವೀಸಾದಲ್ಲಿ ಎರಡು ದಾರಿ. ಹೆಚ್ಚಿನವರು ಹೋಗುವುದು ಜೆ-1ರಲ್ಲಿ. ಅದಕ್ಕೆ ದೆಹಲಿಯ ಆರೋಗ್ಯ ಸಚಿವಾಲಯದಿಂದ ಒಂದು ಪತ್ರ ಬೇಕು. ತರಬೇತಿ ಮುಗಿದ ಮೇಲೆ ಎರಡು ವರ್ಷ ತಾಯ್ನಾಡಿಗೆ ವಾಪಸ್ ಬರಬೇಕು ಅನ್ನುವುದು ಅದರ ನಿಯಮ. ಬರಲು ಮನಸ್ಸಿಲ್ಲದವರು ಡಾಕ್ಟರುಗಳ ಕೊರತೆ ಇರುವ ಊರಿನಲ್ಲಿ ಮೂರು ವರ್ಷ ಕೆಲಸ ಮಾಡುತ್ತಾರೆ. ಕಾನ್ರಾಡ್ ಯೋಜನೆಯಲ್ಲಿ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ ಅಂಥ 30 ಜಾಗ. ಎರಡನೇ ದಾರಿ ಕೆಲಸದ ವೀಸಾ ಎಚ್-1ಬಿ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಆ ದಾರಿಯ ಮೇಲೆ ಭರವಸೆ ಇಟ್ಟು ಹೊರಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಗ್ರೀನ್ ಕಾರ್ಡಿಗೆ ಭಾರತೀಯರ ಸಾಲು ಎಷ್ಟು ಉದ್ದ ಅಂತ ನಿಮಗೇ ಗೊತ್ತಿದೆ.

ನನಗೆ ಅನ್ನಿಸುವುದು ಇಷ್ಟು. ವಾಪಸ್ ಬರುವ ಮನಸ್ಸಿದ್ದವರಿಗೆ ಜೆ-1ರ ಎರಡು ವರ್ಷದ ನಿಯಮ ತೊಡಕೇ ಅಲ್ಲ. ಮೂರು ವರ್ಷ ಮೆಡಿಸಿನ್, ಬೇಕಾದರೆ ಫೆಲೋಶಿಪ್, ಬೋರ್ಡ್ ಪರೀಕ್ಷೆ ಮುಗಿಸಿ ಮೂವತ್ತೈದರ ಒಳಗೆ ಊರಿಗೆ ಬರಬಹುದು. ಹಾಗೆ ಯೋಚಿಸುವವರು ಕಡಿಮೆ. ಯೋಚಿಸಬೇಕು.

ಜರ್ಮನಿ: ಭಾಷೆಯೇ ಪರೀಕ್ಷೆ

ಜರ್ಮನಿಗೆ ಹೋಗುವವರು ಈಚೆಗೆ ಜಾಸ್ತಿ. ಕಾರಣ ಇದೆ. ಅಲ್ಲಿ ಪ್ರವೇಶಕ್ಕೆ ರ‍್ಯಾಂಕ್ ಪಟ್ಟಿ ಇಲ್ಲ. ಸಣ್ಣ ಊರಿನ ಆಸ್ಪತ್ರೆಗಳಿಗೆ ಡಾಕ್ಟರುಗಳು ಬೇಕು. ಅಸಿಸ್ಟೆಂಟ್ ಡಾಕ್ಟರ್ ಆಗಿ ಸೇರಿದವರ ಸಂಬಳ ತಿಂಗಳಿಗೆ 5 ಸಾವಿರ ಯೂರೋ ದಾಟುತ್ತದೆ, ತೆರಿಗೆ ಕಳೆಯುವ ಮೊದಲು. ಐದಾರು ವರ್ಷದಲ್ಲಿ ಫಾಖಾರ್ಟ್ಸ್ಟ್, ಅಂದರೆ ಸ್ಪೆಷಲಿಸ್ಟ್.

ಆದರೆ ರೋಗಿ ಜರ್ಮನ್‌ನಲ್ಲಿ ಮಾತಾಡುತ್ತಾನೆ. ನರ್ಸ್, ಲ್ಯಾಬ್, ಕೇಸ್‌ಶೀಟ್ ಎಲ್ಲ ಜರ್ಮನ್. ಕೆಲಸಕ್ಕೆ ಬೇಕಾದ ಬಿ2 ಅನ್ನುವ ಭಾಷಾ ಮಟ್ಟ ಮುಟ್ಟಲು ಬಿಡದೆ ಕಲಿತರೂ ಒಂದು ವರ್ಷದ ಹತ್ತಿರ ಬೇಕು. ಆಮೇಲೆ ವೈದ್ಯಕೀಯ ಭಾಷೆಯ ಪರೀಕ್ಷೆ. ಅದರಲ್ಲಿ 20 ನಿಮಿಷ ರೋಗಿಯ ಜೊತೆ ಮಾತು, 20 ನಿಮಿಷ ಅದನ್ನು ಬರೆಯುವುದು, 20 ನಿಮಿಷ ಹಿರಿಯ ಡಾಕ್ಟರಿಗೆ ಒಪ್ಪಿಸುವುದು. ಅಪ್ರೊಬಾತ್ಸಿಯೋನ್ ಎನ್ನುವ ಪೂರ್ಣ ಲೈಸೆನ್ಸಿಗೆ ಬಹಳ ಜನ ಕೆನ್ಟ್‌ನಿಸ್‌ಪ್ರೂಫುಂಗ್ ಎಂಬ ಇನ್ನೊಂದು ಮೌಖಿಕ ಪರೀಕ್ಷೆಯನ್ನೂ ಪಾಸಾಗಬೇಕು. ಒಂದೊಂದು ರಾಜ್ಯದ ಕಚೇರಿಯ ವೇಗ ಒಂದೊಂದು ಥರ.

ಕೊಡಗಿನ ಮಕ್ಕಳಿಗೆ ಇಲ್ಲೊಂದು ಅನುಕೂಲ ಇದೆ ಅಂತ ನನಗೆ ಅನ್ನಿಸುತ್ತದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಪೇಟೆಯಲ್ಲಿ ಮಲಯಾಳಂ, ತುಳು ಕೇಳಿ ಬೆಳೆದವರು ನಾವು. ಇನ್ನೊಂದು ಭಾಷೆ ಅಂದರೆ ಗಾಬರಿ ಆಗುವುದಿಲ್ಲ. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಕೂತು ಒಂದು ಕೋರ್ಸ್ ಮುಗಿಸಿ ನೋಡಿ. ಭಾಷೆ ನಾಲಿಗೆಗೆ ಹತ್ತಿತು ಅಂದರೆ ಮುಂದೆ ಹೋಗಿ. ಹತ್ತಲಿಲ್ಲ ಅಂದರೆ ನಷ್ಟ ಕೆಲವು ತಿಂಗಳು ಮಾತ್ರ.

ಇನ್ನೊಂದು ಕಡೆ, ಮೊದಲೇ ಹೇಳಿದಂತೆ, ಆ ಐದು ದೇಶಗಳ ಪದವಿಗೆ ಇಲ್ಲಿ ಸಿಗುವ ಮಾನ್ಯತೆ ಜರ್ಮನಿಯ ಸ್ಪೆಷಲಿಸ್ಟ್ ಪದವಿಗೆ ಇಲ್ಲ. ಅಲ್ಲೇ ನೆಲೆಸುವವರಿಗೆ ಇದು ಒಳ್ಳೆಯ ದೇಶ. "ಹತ್ತು ವರ್ಷ ಇದ್ದು ಬರುತ್ತೇನೆ" ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಆಸ್ಟ್ರೇಲಿಯಾ, ಗಲ್ಫ್

ಆಸ್ಟ್ರೇಲಿಯಾಕ್ಕೆ ನೇರವಾಗಿ ಹೋಗಲು ಅಲ್ಲಿನ ಮೆಡಿಕಲ್ ಕೌನ್ಸಿಲ್ ಆದ ಎಎಂಸಿಯ ಎರಡು ಪರೀಕ್ಷೆ. ಎರಡಕ್ಕೂ ಸೇರಿ 6 ಸಾವಿರ ಆಸ್ಟ್ರೇಲಿಯನ್ ಡಾಲರ್ ಮೀರುತ್ತದೆ. ಪಾಸಾದ ಮೇಲೆ ಮೊದಲ ಕೆಲಸ ಸಿಗುವುದೇ ತೊಂದರೆ. ಅದಕ್ಕೇ ಬಹಳ ಜನ ಬ್ರಿಟನ್ನಿನಲ್ಲಿ ಪ್ಲ್ಯಾಬ್ ಮಾಡಿ, ಒಂದು ವರ್ಷ ಮಾನ್ಯತೆ ಇರುವ ಹುದ್ದೆಯಲ್ಲಿ ಕೆಲಸ ಮಾಡಿ, ಅಲ್ಲಿಂದ ಎಎಂಸಿ ಪರೀಕ್ಷೆ ಇಲ್ಲದೆ ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ. ಸಂಬಳ ಬ್ರಿಟನ್ನಿಗಿಂತ ಚೆನ್ನಾಗಿದೆ, ಬಿಸಿಲೂ ಇದೆ. ಹೊರಗೆ ಓದಿದವರಿಗೆ ಹತ್ತು ವರ್ಷದ ಒಂದು ನಿರ್ಬಂಧ ಇದೆ. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಬಿಲ್ಲಿನ ಮೇಲೆ ನಡೆಯುವ ಪ್ರಾಕ್ಟೀಸನ್ನು ಡಾಕ್ಟರುಗಳ ಕೊರತೆ ಇರುವ ಪ್ರದೇಶದಲ್ಲೇ ಮಾಡಬೇಕು. ದೂರದ ಊರಿಗೆ ಹೋದಷ್ಟೂ ಆ ಅವಧಿ ಕಡಿಮೆಯಾಗುತ್ತದೆ. ಹತ್ತಿರದ ದೊಡ್ಡ ಆಸ್ಪತ್ರೆ ನೂರಾರು ಕಿಲೋಮೀಟರ್ ದೂರ ಇರುವ ಊರಿನಲ್ಲಿ ಕೆಲಸ ಮಾಡುವುದು ನಮ್ಮವರಿಗೆ ಹೊಸದಲ್ಲ.

ಗಲ್ಫ್ ದೇಶಗಳು ಕಲಿಯಲು ಹೋಗುವ ಜಾಗಕ್ಕಿಂತ ದುಡಿಯಲು ಹೋಗುವ ಜಾಗ. ಎಂಡಿ, ಎಂಎಸ್ ಮುಗಿಸಿ ಸ್ವಲ್ಪ ಅನುಭವ ಇದ್ದರೆ ಒಳ್ಳೆಯ ಸಂಬಳ. ಕಣ್ಣೂರಿನಿಂದ ನಾಲ್ಕು ಗಂಟೆಯ ವಿಮಾನ. ಬರೀ ಎಂಬಿಬಿಎಸ್ ಇಟ್ಟುಕೊಂಡು ಹೋದರೆ ಹತ್ತು ವರ್ಷ ಆದರೂ ಅಲ್ಲೇ ನಿಂತಿರುತ್ತೀರಿ.

ಇಲ್ಲೇ ಪಿಜಿ ಮಾಡಿ ಆಮೇಲೆ ಹೋದರೆ?

ಜಗಲಿಯಲ್ಲಿ ಕೂತ ಮಕ್ಕಳು ಈ ಆಯ್ಕೆಯನ್ನು ಹೇಳುವುದೇ ಇಲ್ಲ. ನಾನೇ ಎತ್ತುತ್ತೇನೆ. ನನಗೆ ಹೆಚ್ಚು ಹಿಡಿಸುವುದೂ ಇದೇ.

ನೀಟ್ ಪಿಜಿಗೆ 2 ಲಕ್ಷಕ್ಕಿಂತ ಹೆಚ್ಚು ಜನ ಕೂರುತ್ತಾರೆ. ಬೇಕಾದ ವಿಭಾಗ ಸಿಗುವುದು ಕಷ್ಟ, ಒಪ್ಪುತ್ತೇನೆ. ಖಾಸಗಿ ಕಾಲೇಜಿನಲ್ಲಿ ಕೆಲವು ವಿಭಾಗಕ್ಕೆ ಕೋಟಿ ದಾಟುತ್ತದೆ. ಅದನ್ನು ಕಟ್ಟಲು ತೋಟ ಮಾರಿ ಅಂತ ನಾನು ಹೇಳುವುದಿಲ್ಲ. ಆದರೆ ಸರ್ಕಾರಿ ಸೀಟೋ, ಎಂಡಿಗೆ ಸಮನಾದ ಡಿಎನ್‌ಬಿಯೋ ಸಿಕ್ಕರೆ ಮೂರೇ ವರ್ಷಕ್ಕೆ ಸ್ಪೆಷಲಿಸ್ಟ್. ಅಲ್ಲಿಂದ ಎಷ್ಟು ಬಾಗಿಲು ತೆರೆಯುತ್ತವೆ ನೋಡಿ. ಬ್ರಿಟನ್ನಿಗೆ ಎಂಟಿಐ ಅನ್ನುವ, ಹೊರದೇಶದ ಡಾಕ್ಟರುಗಳಿಗೆ ತರಬೇತಿ ಕೊಡುವ ಯೋಜನೆಯಲ್ಲಿ ಎರಡು ವರ್ಷ ಹೋಗಿ ಕಲಿತು ಬರಬಹುದು, ಪ್ಲ್ಯಾಬ್ ಬೇಡ. ಅಲ್ಲೇ ಉಳಿಯುವವರು ಪೋರ್ಟ್‌ಫೋಲಿಯೋ ದಾರಿಯಲ್ಲಿ ತಮ್ಮ ಅನುಭವ ತೋರಿಸಿ ಸ್ಪೆಷಲಿಸ್ಟ್ ಪಟ್ಟಿಗೆ ಸೇರಬಹುದು. ಅದು ಕಾಗದಪತ್ರದ ದೊಡ್ಡ ಕೆಲಸ, ಆದರೆ ಮಾಡಿದವರು ಇದ್ದಾರೆ. ಆಸ್ಟ್ರೇಲಿಯಾದಲ್ಲಿ ಸ್ಪೆಷಲಿಸ್ಟುಗಳಿಗೇ ಬೇರೆ ದಾರಿ ಇದೆ. ಗಲ್ಫ್ ನೇರ. ಅಮೆರಿಕ ಮಾತ್ರ ಹೆಚ್ಚು ಕಡಿಮೆ ಎಲ್ಲರನ್ನೂ ಮತ್ತೆ ರೆಸಿಡೆನ್ಸಿಗೆ ಕೂರಿಸುತ್ತದೆ. ಅಮೆರಿಕವೇ ಗುರಿ ಅಂದರೆ ಇಲ್ಲಿ ಎಂಡಿ ಮಾಡಿ ಕಾಲ ಕಳೆಯಬೇಡಿ.

ಈ ದಾರಿಯ ದೊಡ್ಡ ಬಲ ಏನೆಂದರೆ, ಅಲ್ಲಿನ ನಿಯಮ ಬದಲಾದರೂ ನೀವು ಬರಿಗೈಯಲ್ಲಿ ಇರುವುದಿಲ್ಲ. ಮಾರನೇ ವಾರ ಮೈಸೂರಿನಲ್ಲೋ ಮಡಿಕೇರಿಯಲ್ಲೋ ಸ್ಪೆಷಲಿಸ್ಟ್ ಆಗಿ ಕೆಲಸಕ್ಕೆ ಕೂರಬಹುದು.

ಮನೆ ಕಡೆಯ ಲೆಕ್ಕ

2018ರ ಆಗಸ್ಟ್. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಫೋನ್ ತೆಗೆದಾಗ ಕೊಡಗಿನ ಬೆಟ್ಟಗಳು ಕುಸಿಯುವ ವಿಡಿಯೋ. ಮಾದಾಪುರ ಕಡೆ ರಸ್ತೆಯೇ ಇಲ್ಲ ಅಂದರು. ಮೂರು ದಿನ ಅವ್ವನ ಫೋನ್ ಸಿಗಲಿಲ್ಲ. ಆ ಮೂರು ದಿನ ನಾನು ವಾರ್ಡಿನಲ್ಲಿ ಬೇರೆಯವರ ಅಪ್ಪ ಅಮ್ಮಂದಿರ ನಾಡಿ ಹಿಡಿದು ನಿಂತಿದ್ದೆ. ನಮ್ಮ ಮನೆಗೆ ಏನೂ ಆಗಿರಲಿಲ್ಲ. ಆದರೆ ವಾಪಸ್ ಬರಬೇಕು ಅಂತ ನನಗೆ ಗಟ್ಟಿಯಾದದ್ದು ಆಗಲೇ.

ಎಲ್ಲರೂ ಬರಬೇಕು ಅಂತ ನಾನು ಹೇಳುತ್ತಿಲ್ಲ. ಸೇನೆಗೆ ಅಂತ ಮಕ್ಕಳನ್ನು ದೂರ ಕಳಿಸಿದ ನಾಡು ಇದು. ದೂರ ಹೋಗುವುದು ಇಲ್ಲಿ ತಪ್ಪಲ್ಲ. ಆದರೆ ಅಪ್ಪ ಅವ್ವನ ಜೊತೆ ಈ ಮಾತು ಮೊದಲೇ ಆಡಿ. ತೋಟ ಯಾರು ನೋಡಿಕೊಳ್ಳುತ್ತಾರೆ? ಮಳೆಗಾಲದಲ್ಲಿ ಕರೆಂಟು ಹೋಗಿ ವಾರ ಆದರೆ ಅವರ ಹತ್ತಿರ ಯಾರಿರುತ್ತಾರೆ? ರಾತ್ರಿ ಎದೆನೋವು ಬಂದರೆ ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ಕರೆದುಕೊಂಡು ಹೋಗುವವರು ಯಾರು? ನನ್ನ ಕ್ಲಿನಿಕ್ಕಿಗೆ ಬರುವ ಎಷ್ಟೋ ಹಿರಿಯರ ಮಕ್ಕಳು ಹೊರದೇಶದಲ್ಲಿ ಇದ್ದಾರೆ. ಅವರನ್ನು ಕರೆತರುವುದು ಪಕ್ಕದ ಮನೆಯವರು, ಜೀಪಿನ ಡ್ರೈವರು. ಮಕ್ಕಳ ಮೇಲೆ ಯಾರಿಗೂ ಸಿಟ್ಟಿಲ್ಲ. ಆದರೆ ಯಾರೂ ಮೊದಲೇ ಏನನ್ನೂ ಮಾತಾಡಿಕೊಂಡಿರಲಿಲ್ಲ, ಅದೇ ಬೇಜಾರು.

ಹೊರಡುವ ಮೊದಲು ಹೆಸರು ಸರಿಮಾಡಿ

ಇದು ಸಣ್ಣದು ಅನ್ನಿಸಬಹುದು. ಕೊಡಗಿನವರಿಗೆ ಸಣ್ಣದಲ್ಲ. ನಮಗೆಲ್ಲ ಮನೆ ಹೆಸರು ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಒಂದೇ ಅಕ್ಷರದ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದು ಸರ್‌ನೇಮ್. ಎಂಬಿಬಿಎಸ್ ಪದವಿಯಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ಮದುವೆಯಾದ ಹೆಣ್ಣುಮಕ್ಕಳದ್ದು ಇನ್ನೊಂದು ಮನೆ ಹೆಸರು. ನನ್ನ ಕಾಗದಗಳಲ್ಲಿ ಮೂರು ಥರ ಇತ್ತು. ಮೂವರೂ ನಾನೇ ಅಂತ ಒಪ್ಪಿಸುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಸಿಕ್ಕಿದ್ದ ಒಂದು ಕೆಲಸ ಕೈತಪ್ಪಿತು.

ಈಗ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಮೂರಕ್ಕೂ ನಿಮ್ಮ ಪದವಿಯನ್ನು ಓದಿದ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಖಾತ್ರಿ ಮಾಡಿಸುತ್ತಾರೆ. ಹೆಸರು ಒಂದಕ್ಕೊಂದು ಹೊಂದದಿದ್ದರೆ ಅಲ್ಲೇ ನಿಲ್ಲುತ್ತದೆ. ಇಂಟರ್ನ್‌ಶಿಪ್ ನಡೆಯುತ್ತಿರುವಾಗಲೇ ಎಲ್ಲ ಕಾಗದ ಒಂದು ಕಡೆ ಹರಡಿ, ಪಾಸ್‌ಪೋರ್ಟಿನಲ್ಲಿ ಇರುವ ಹೆಸರಿಗೆ ಉಳಿದವನ್ನು ಹೊಂದಿಸಿ. ತಿದ್ದಲು ಆಗದ್ದಕ್ಕೆ ಅಫಿಡವಿಟ್ ಮಾಡಿಸಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿಯೂ ಅದೇ ಹೆಸರಿನಲ್ಲಿ ಇರಲಿ. ನಿಮ್ಮ ಮೇಲೆ ದೂರು ಇಲ್ಲ ಅಂತ ಪರಿಷತ್ತು ಕೊಡುವ ಗುಡ್ ಸ್ಟ್ಯಾಂಡಿಂಗ್ ಸರ್ಟಿಫಿಕೇಟಿಗೆ ಕೆಲವೇ ತಿಂಗಳ ಆಯಸ್ಸು, ಅದನ್ನು ಮಾತ್ರ ಕೊನೆಗೆ ತೆಗೆಸಿ. ಮತ್ತೆ ಈ ಕೆಲಸವನ್ನೆಲ್ಲ ಮೇ ತಿಂಗಳ ಒಳಗೆ ಮುಗಿಸಿಕೊಳ್ಳಿ. ಜೂನ್ ಆದ ಮೇಲೆ ನಮ್ಮ ಕಡೆ ನೆಟ್‌ವರ್ಕ್ ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ.